ಕಪ್ಪು ಬೋರ್ಡಿನ ಗಾಡಿ

ಮಾಗಡಿ ರೋಡಿನ ಯಾರ್ಡಿನಲ್ಲಿ, ತಗಡಿನ ಶೀಟಿನಡಿ
ಹನ್ನೊಂದು ಕಾರು. ಒಂದಕ್ಕೂ ಪೂರ್ತಿ ನೆರಳಿಲ್ಲ.
ಚಿಕ್ಕರೇವಣ್ಣ ಬಾನೆಟ್ಟಿಗೊಮ್ಮೆ ಬಟ್ಟೆ ಹೊಡೆದ,
ಹೆಣ್ಣು ತೋರಿಸುವ ಮನೆಯವರ ಹಾಗೆ.
"ಒಬ್ರೇ ಓನರ್, ಮೇಡಂ."
ಸುಳ್ಳಲ್ಲ. ಓನರ್ ಒಂದು ಕಂಪನಿ.
ಓಡಿಸಿದವರು ಮಾತ್ರ ಲೆಕ್ಕಕ್ಕಿಲ್ಲ.

ನಂಬರ್ ಪ್ಲೇಟು ಇನ್ನೂ ಕಪ್ಪು, ಅಕ್ಷರ ಹಳದಿ:
ಗಂಟೆಗಿಷ್ಟು ಅಂತ ಕೊಟ್ಟು ಯಾರು ಬೇಕಾದರೂ
ಕೀ ಹಿಡಿದು ಹೊರಟ ಕಾಲದ್ದು.
"ಆರ್‌ಟಿಓ ಕೆಲಸ ನಂದು, ಬಿಳಿ ಮಾಡಿಸಿ ಕೊಡ್ತೀನಿ" ಅಂದ,
ಸೀರೆಗೆ ಫಾಲ್ ಹಾಕಿಸಿಕೊಡುವಷ್ಟು ಸಲೀಸಾಗಿ.

ಸರ್ವಿಸ್ ಪುಸ್ತಕ ಕೇಳಿದೆ.
ನಾನು ಆಸ್ಪತ್ರೆಯ ರೆಕಾರ್ಡ್ ರೂಮಿನವಳು.
ಹತ್ತೊಂಬತ್ತು ವರ್ಷ ಬೇರೆಯವರ ಜ್ವರವನ್ನು
ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದೇನೆ.
ಹಾಳೆ ತಪ್ಪಿದ್ದರೆ ಮೊದಲು ಬೆರಳಿಗೆ ಗೊತ್ತಾಗುತ್ತದೆ,
ಆಮೇಲೆ ಕಣ್ಣಿಗೆ.

ಸಾವಿರಕ್ಕೊಂದು ಸೀಲು, ಹತ್ತು ಸಾವಿರಕ್ಕೊಂದು, ಇಪ್ಪತ್ತಕ್ಕೊಂದು.
ಆಮೇಲೆ ಖಾಲಿ.
ಆಮೇಲೂ ಖಾಲಿ.
ಎಪ್ಪತ್ತೊಂದಕ್ಕೆ ನೇರಳೆ ಇಂಕಿನ ಮಸುಕು ಮುದ್ರೆ,
ಸಹಿಯ ಜಾಗದಲ್ಲಿ ಕಾಫಿಯೋ ಗ್ರೀಸೋ.
ನಡುವಿನ ಐವತ್ತು ಸಾವಿರ ಎಲ್ಲಿ ಹೋಯಿತು, ರೇವಣ್ಣ?
"ಓಡ್ತು ಮೇಡಂ. ಓಡಿದ್ರಿಂದ್ಲೇ ಅಲ್ವಾ
ಈ ರೇಟಿಗೆ ಸಿಗ್ತಿರೋದು."

ಬಾಡಿಗೆ ಎತ್ತಿಗೆ ಬಾರುಕೋಲೇ ಮೇವು ಅನ್ನುತ್ತಿದ್ದಳು ನಮ್ಮಜ್ಜಿ.
ಕ್ಲಚ್ ಒತ್ತಿದೆ. ಗಟ್ಟಿ. ಮೇಲೆಲ್ಲೋ ಹಿಡಿಯುತ್ತದೆ.
ಎಷ್ಟು ಪಾದ ತುಳಿದಿರಬೇಕು ಇದನ್ನು —
ನಂದಿ ಬೆಟ್ಟದ ತಿರುವಿನಲ್ಲಿ ಹಾಫ್ ಕ್ಲಚ್ಚಿನಲ್ಲೇ ನಿಂತು
ಸೂರ್ಯನಿಗೆ ಮೊದಲು ಪಾರ್ಕಿಂಗಿಗೆ ಕಾದವರು,
ಭಾನುವಾರ ರಾತ್ರಿ ಹನ್ನೆರಡರೊಳಗೆ ಒಪ್ಪಿಸದಿದ್ದರೆ ದಂಡವೆಂದು
ನೆಲಮಂಗಲದಿಂದ ಒಂದೇ ಉಸಿರಿಗೆ ಬಂದವರು,
ಹೆದರಿದವರು, ಹೊಸದಾಗಿ ಪ್ರೀತಿಸಿದವರು,
ಗುಂಡಿ ಕಂಡೂ ಬಿಟ್ಟವರು, ನಮ್ಮದಲ್ಲವಲ್ಲ ಅಂತ.

ಜಬೀವುಲ್ಲಾ ಸ್ಕೂಟರಿನಲ್ಲಿ ಬಂದ. ಆಯಿಲ್ ಮುಚ್ಚಳ ತೆಗೆದು ಮೂಸಿದ.
ಬಾಗಿಲಿನ ರಬ್ಬರ್ ಕಿತ್ತು ವೆಲ್ಡಿಂಗ್ ನೋಡಿದ.
ಎಡಕ್ಕೆ ತಟ್ಟಿದ, ಬಲಕ್ಕೆ ತಟ್ಟಿದ, ಕಿವಿ ಕೊಟ್ಟ,
ಹಲಸಿನ ಹಣ್ಣು ಕೊಳ್ಳುವವನಂತೆ.
"ಎಡಗಡೆ ಪುಟ್ಟಿ ತುಂಬವ್ರೆ ಅಕ್ಕಾ. ಎಂಜಿನ್ ನಿಯತ್ತಾಗಿದೆ.
ಮಿಕ್ಕಿದ್ದು ಗಾಡೀನೇ ಹೇಳ್ಬೇಕು. ಹೇಳಲ್ಲ."

ಸ್ಟೆಪ್ನಿಯ ಕೆಳಗೆ ಹಿಡಿಯಷ್ಟು ಸಮುದ್ರದ ಮರಳು,
ಮಗುವಿನ ಒಂದು ಕಾಲಿನ ಚಪ್ಪಲಿ,
ಎಕ್ಸ್-ರೇ ಕವರು. ಒಳಗೆ ಏನೂ ಇಲ್ಲ.
ನಂಬರ್ ನೋಡಿದೆ. ನಮ್ಮ ಆಸ್ಪತ್ರೆಯದಲ್ಲ.
ಆದರೂ ಮಡಿಸಿ ಬ್ಯಾಗಿಗೆ ಹಾಕಿಕೊಂಡೆ.

ಮೂರು ಎಂಬತ್ತು ಅಂದವನು ಮೂರು ಇಪ್ಪತ್ತೈದಕ್ಕೆ ಇಳಿದ.
ಕೊನೆಯ ಐದು ಸಾವಿರಕ್ಕೆ ಮುಕ್ಕಾಲು ಗಂಟೆ, ಎರಡು ಸಲ ಬೈಟು ಕಾಫಿ.
ಐವತ್ತೊಂದಕ್ಕೆ ಲೈಸೆನ್ಸ್ ಮಾಡಿಸಿದವಳಿಗೆ
ತಾಗಿದರೆ ಅಳು ಬರದಂಥ ಗಾಡಿ ಸಾಕು
ಅಂದಿದ್ದ ತಮ್ಮ. ಇರಬಹುದು.

ಸಂಜೆ, ಸುಮ್ಮನಹಳ್ಳಿ ಫ್ಲೈಓವರಿನ ಮೇಲೆ, ನಿಂತಲ್ಲೇ ನಿಂತು
ಬ್ಲೂಟೂತ್ ಒತ್ತಿದೆ. ಹತ್ತು ಹೆಸರು ಬಂದವು:
ಚಿನ್ನೂಸ್ ಫೋನ್. ಪೂವಯ್ಯ. ರೆಡ್‌ಮಿ. ಇನ್ನೊಂದು ರೆಡ್‌ಮಿ.
ಡಾಕ್ಟರ್ ನಫೀಸಾ. ಅಪ್ಪ ಹೊಸದು...
ಪಟ್ಟಿ ತುಂಬಿದೆಯಂತೆ.
ನನ್ನದು ಸೇರಬೇಕಾದರೆ ಒಂದನ್ನು ಅಳಿಸಬೇಕಂತೆ.

ಯಾರ ಫೈಲನ್ನೂ ನಾನು ಹರಿದವಳಲ್ಲ.
ಬೆರಳು 'ಅಪ್ಪ ಹೊಸದು' ತನಕ ಹೋಗಿ
ಹಿಂದೆ ಬಂತು.
ಬಸ್ಸಿನವನು ಹಾರನ್ ಹೊಡೆದ, ಮತ್ತೆ ಹೊಡೆದ.
ಸೀಟಿನ ಲಿವರು ಜಾಮು; ಯಾರೋ ಉದ್ದ ಕಾಲಿನವರ ಅಳತೆಗೇ ನಿಂತಿದೆ.
ಬೆನ್ನಿಗೆ ವ್ಯಾನಿಟಿ ಬ್ಯಾಗು ಕೊಟ್ಟು, ತುದಿಗೆ ಸರಿದು ಕೂತು
ಫಸ್ಟ್ ಗೇರಿಗೆ ಹಾಕಿದೆ.
ಹಾಡಿಲ್ಲದೆ ಹೊರಟಿತು.